ಏಕೈಕ

ಫಸ್ಟ್ ಇಯರ್ ಬಿ.ಎ. ಹುಡುಗನನ್ನು ನೀವು ನೋಡಿಯೇ ಇರುತ್ತೀರಿ. ಲಿಂಗಸುಗೂರಿನಿಂದ ಹೊರಟ ಬೆಳಗಿನ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿರುತ್ತದೆ. ಅವನು ಪಾಸನ್ನು ಹಲ್ಲಲ್ಲಿ ಕಚ್ಚಿಕೊಂಡು, ಬಾಗಿಲ ಬಳಿ ಒಂದೇ ಕಾಲ ಮೇಲೆ ನಿಂತು ಸಿಂಧನೂರು ಮುಟ್ಟುತ್ತಾನೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಮಡಚಿ ತುರುಕಿದ ಒಂದು ನೋಟ್‌ಬುಕ್ಕು. ಎಲ್ಲ ವಿಷಯವೂ ಅದರಲ್ಲೇ. ಲೈಬ್ರರಿಗೂ ಬರುತ್ತಾನೆ, ಫ್ಯಾನಿನ ಕೆಳಗೆ ಕೂರಲು. ನಮ್ಮ ಸೀಮೆಯ ಬಿಸಿಲು ಕಂಡವರು ಅದನ್ನು ತಪ್ಪೆನ್ನಲಾರರು.

ಇಂಥವನೊಬ್ಬನಿಗೆ ಇತಿಹಾಸದ ಮೇಷ್ಟ್ರಾದ ನಾನು ಅಶೋಕನ ಮಸ್ಕಿ ಶಾಸನದ ಮೇಲೆ ಅಸೈನ್‌ಮೆಂಟ್ ಕೊಟ್ಟೆ. ಹುಡುಗ ಮಸ್ಕಿಯವನೇ, ಸುಲಭವಾದೀತು ಎಂಬ ಕನಿಕರ.

"ಶಾಸನ ನೋಡೀಯೇನೋ ತಮ್ಮಾ?"

"ಹೂನ್ರಿ ಸರ. ಗುಡ್ಡದ ಕೆಳಗ ಕ್ರಿಕೆಟ್ ಆಡ್ತೀವ್ರಿ. ಬಾಲ್ ಆ ಕಡೆ ಹೋದ್ರ ತರಾಕ ನಾನ ಹೋಗೋದು."

ಮೂರನೇ ದಿನಕ್ಕೆ ಎಂಟು ಪುಟದ ಅಸೈನ್‌ಮೆಂಟ್ ಬಂತು. ಹೊದಿಕೆಗೆ ಬಣ್ಣದ ಪೆನ್ನಿನ ಬಳ್ಳಿ, ಒಳಗೆ ಮುತ್ತಿನಂಥ ಅಕ್ಷರ. ಓದುತ್ತ ಹೋದಂತೆ ಎಲ್ಲೋ ಕೇಳಿದ ಮಾತು ಅನ್ನಿಸತೊಡಗಿತು. ನಾಲ್ಕನೇ ಪುಟದ ನಟ್ಟನಡುವೆ, ವಾಕ್ಯ ಓಡುತ್ತಿರುವಾಗಲೇ, 'ಪು.ತಿ.ನೋ.' ಎಂದಿತ್ತು. ಪುಟ ತಿರುಗಿಸಿ ನೋಡಲು ಅಲ್ಲಿ ಪುಟವೇ ಮುಗಿದಿರಲಿಲ್ಲ. ಆಗ ಹೊಳೆಯಿತು, ಅದು ನನ್ನದೇ ನೋಟ್ಸು. ಹದಿನಾರು ವರ್ಷದ ಹಿಂದೆ ನಾನು ಹಾಳೆಯ ತುದಿಯಲ್ಲಿ ಬರೆದ 'ಪು.ತಿ.ನೋ.' ಝೆರಾಕ್ಸಿನ ಮೇಲೆ ಝೆರಾಕ್ಸಾಗಿ, ಬ್ಯಾಚಿನಿಂದ ಬ್ಯಾಚಿಗೆ ದಾಟಿ, ಶಾಸನದ ಪಾಠದಂತೆ ಒಂದಕ್ಷರವೂ ಬಿಡದೆ ನನ್ನ ಟೇಬಲ್ಲಿಗೇ ಮರಳಿತ್ತು.

"ಹೋಗು, ಲೈಬ್ರರಿಯೊಳಗ ಹುಡುಕು. ಎರಡು ಪುಸ್ತಕದ ಆಧಾರ ಇಲ್ಲದ ನನ್ನ ಹತ್ರ ಬರಬ್ಯಾಡ" ಎಂದು ಗದರಿದೆ. ಹೀಗೆ ಗದರಲು ಲೈಬ್ರರಿ ಗೊತ್ತಿರಬೇಕೆಂದೇನಿಲ್ಲ.

ಲೈಬ್ರರಿ ಸರ್ ಚೀಟಿಯ ಮೇಲೆ 934 ಎಂದು ಬರೆದು, "ಇದು ಕಾಲ್ ನಂಬರ್, ನೋಡಿಕೊಂಡು ಹೋಗು" ಎಂದರಂತೆ. ಹುಡುಗ ಮೊಬೈಲು ತೆಗೆದ. "ಮೂರ ಅಂಕಿ ಅದಾವ್ರಿ ಸರ. ಉಳಿದ ಏಳು?" ಡ್ಯೂಯಿ ಎಂಬ ಅಮೆರಿಕದ ಮನುಷ್ಯ 1876ರಲ್ಲಿ ಜಗತ್ತಿನ ಅರಿವನ್ನೆಲ್ಲ ಅಂಕಿಗೆ ಕಟ್ಟಿದ್ದು, ಅದರಲ್ಲಿ 934 ಎಂದರೆ ಪ್ರಾಚೀನ ಭಾರತದ ಇತಿಹಾಸ ಎಂಬುದು ತಿಳಿಯುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ತಪ್ಪಿತ್ತು. ಓದುಗನ ಸಮಯ ಉಳಿಸಬೇಕು ಎಂದು ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ; ಅವರು ನಮ್ಮ ಹುಡುಗನನ್ನು ಕಂಡಿರಲಿಲ್ಲ.

ಪುಸ್ತಕವೇನೋ ಸಿಕ್ಕಿತು. ಮೊದಲ ಪುಟದಿಂದ ಓದಲು ಕೂತ. ಎರಡು ದಿನವಾದರೂ ಶಿಲಾಯುಗ ದಾಟಲಿಲ್ಲ. ಕೊನೆಗೆ ಲೈಬ್ರರಿ ಸರ್‌ಗೇ ಮರುಕ ಹುಟ್ಟಿ ಹಿಂಬದಿಯ ಪದಸೂಚಿ ತೆರೆದು, 'ಮ' ಅಕ್ಷರದ ಕೆಳಗೆ 'ಮಸ್ಕಿ' ಎಂಬಲ್ಲಿ ಬೆರಳಿಟ್ಟರು. ಹುಡುಗ ತನ್ನ ಊರಿನ ಹೆಸರನ್ನು ಮತದಾರರ ಪಟ್ಟಿಯಲ್ಲಿ ಕಂಡವನಂತೆ ಹಿಗ್ಗಿದ. ಅಡಿಟಿಪ್ಪಣಿಯ ವಿಷಯಕ್ಕೆ ಮಾತ್ರ ಸ್ವಲ್ಪ ಜಗ್ಗಾಡಿದ: "ಸಣ್ಣಕ್ಷರ ಪರೀಕ್ಷೆಗೆ ಬರಂಗಿಲ್ಲಂತ ಬಿಟ್ಟಿದ್ನಿರಿ." ಅದೇ ಸಣ್ಣಕ್ಷರದಲ್ಲಿ, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಈ ಶಾಸನ ಕಂಡದ್ದು, ಆಗ ಮಸ್ಕಿ ನಿಜಾಮನ ರಾಜ್ಯದಲ್ಲಿದ್ದುದರಿಂದ ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಅದನ್ನು ಪ್ರಕಟಿಸಿದ್ದು ಎಲ್ಲ ಇತ್ತು. "ಬಂಗಾರ ಹುಡುಕಾಕ ಬಂದು ಕಲ್ಲು ನೋಡ್ಯಾನಲ್ರಿ ಸರ!" ಪಕ್ಕದಲ್ಲೇ ಹಟ್ಟಿ ಚಿನ್ನದ ಗಣಿ ಇರುವ ತಾಲ್ಲೂಕಿನವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಒಂದು ವಾರ ಸುಮ್ಮನಿದ್ದ. ಆಮೇಲೆ ಎರಡು ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಸ್ಟಾಫ್ ರೂಮಿಗೇ ಬಂದ.

"ಸರ, ಇವೆರಡೂ ಜಗಳಾಡಾಕತ್ತಾವ್ರಿ. ಅಶೋಕ ಅನ್ನೋ ಹೆಸರಿರೋ ಏಕೈಕ ಶಾಸನ ಮಸ್ಕೀದು ಅಂತ ಇದು ಅಂತೈತಿ. ಇನ್ನೂ ಅದಾವ ಅಂತ ಇದು ಅಂತೈತಿ. ಯಾವ್ದು ಬರೀಬೇಕ್ರಿ?"

"ಏಕೈಕ. ನನ್ನ ನೋಟ್ಸಿನ್ಯಾಗ ಐತಲ್ಲ!"

"ನೀವು ಯಾವ ಪುಸ್ತಕದಾಗ ನೋಡೀರಿ ಸರ?"

ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಕೆಳಗಿಟ್ಟರು. ನಾನು ಅದನ್ನು ನನ್ನ ಮೇಷ್ಟ್ರ ನೋಟ್ಸಿನಲ್ಲಿ ನೋಡಿದ್ದೆ. ಅವರು ಎಲ್ಲಿ ನೋಡಿದ್ದರೋ! "ಕ್ಲಾಸು ಐತಿ" ಎಂದು ಎದ್ದೆ. ಕ್ಲಾಸಿರಲಿಲ್ಲ. ಹುಡುಗನ ಕಣ್ಣು ತಪ್ಪಿಸಿ ಲೈಬ್ರರಿಗೆ ಹೋದೆ. ನನ್ನ ಕಾರ್ಡು ಹುಡುಕಲು ಲೈಬ್ರರಿ ಸರ್‌ಗೆ ಹತ್ತು ನಿಮಿಷ ಹಿಡಿಯಿತು. ದೂಳು ಝಾಡಿಸುವಾಗ ಅವರು ಏನೂ ಅನ್ನಲಿಲ್ಲ, ಅಷ್ಟು ದೊಡ್ಡವರು.

'ಏಕೈಕ' ಎಂದ ಪುಸ್ತಕ ಹಳೆಯದರ ಮರುಮುದ್ರಣ. ಬರೆದಾಗ ಆ ಮಾತು ನಿಜವೇ. ಅಲ್ಲಿಯವರೆಗೆ ಸಿಕ್ಕ ಅಶೋಕನ ಬೇರೆ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ. ಆ ಬಿರುದಿನ ರಾಜ ಅಶೋಕನೇ ಎಂದು ಕಲ್ಲಿನಲ್ಲೇ ಮೊದಲು ತೋರಿಸಿಕೊಟ್ಟದ್ದು ಮಸ್ಕಿ. ಆಮೇಲೆ ಮಧ್ಯಪ್ರದೇಶದ ಗುಜ್ಜರಾದಲ್ಲಿ ಆ ಹೆಸರು ಸಿಕ್ಕಿತು. ಅದಾದರೂ ದೂರದ ಊರು, ಗೊತ್ತಿಲ್ಲದಿದ್ದರೆ ಕ್ಷಮೆಯಿದೆ. ಆದರೆ ನಿಟ್ಟೂರು, ಉಡೇಗೋಳ? ಎರಡೂ ಸಿರುಗುಪ್ಪ ತಾಲ್ಲೂಕು. ಹುಡುಗ ಮಸ್ಕಿಯಲ್ಲಿ ಹತ್ತುವ ಬಸ್ಸಿನಿಂದ ಸಿಂಧನೂರಿನಲ್ಲಿ ಇಳಿಯದೆ ಹಾಗೇ ಮುಂದಕ್ಕೆ ಕೂತರೆ ಹೊಳೆ ದಾಟಿ ಆ ಸೀಮೆಗೇ ಹೋಗುತ್ತಾನೆ. ಹದಿನಾರು ವರ್ಷ ನಾನು ಅದೇ ರಸ್ತೆಯಲ್ಲಿ ಬಳ್ಳಾರಿಗೆ ಓಡಾಡಿದ್ದೇನೆ, ಬಹುತೇಕ ಕಿಟಕಿ ಪಕ್ಕದ ಸೀಟಿನಲ್ಲಿ.

ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ಅಂಕ ಕಡಿಮೆಯಾದದ್ದು, ಎರಡನೇ ಅಸೈನ್‌ಮೆಂಟಿನಲ್ಲೂ ಅಭ್ಯಾಸಬಲದಿಂದ ಪುಟದ ನಡುವೆ 'ಪು.ತಿ.ನೋ.' ಬರೆದಿದ್ದಕ್ಕೆ.

ನನ್ನ ನೋಟ್ಸಿನಲ್ಲಿ 'ಏಕೈಕ' ಹೊಡೆದುಹಾಕಿ 'ಮೊದಲು ಸಿಕ್ಕ' ಎಂದು ತಿದ್ದಿದ್ದೇನೆ. ಹಳೆಯ ನೋಟ್ಸು ಬೇಕಾದವರಿಗೆ ಝೆರಾಕ್ಸ್ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಪುಟಕ್ಕೆ ಎರಡು ರೂಪಾಯಿ.