ಇಪ್ಪತ್ತು ಡಿಗ್ರಿಯ ಪೇಚು

ಕಾಸರಗೋಡಿನ ಕನ್ನಡಿಗರಿಗೆ ತಿರುವನಂತಪುರದಲ್ಲಿ ಪದ್ಮನಾಭಸ್ವಾಮಿಯನ್ನು ಬಿಟ್ಟರೆ ಹೆಚ್ಚು ಪರಿಚಯ ಇರುವುದು ಪಟ್ಟಂನದ್ದು. ಪಿಎಸ್‌ಸಿಯ ಕೇಂದ್ರ ಕಚೇರಿ ಅಲ್ಲಿದೆ. ಸ್ವಾಮಿಯ ಹತ್ತಿರ ಬೇಡಿಕೊಂಡದ್ದು ಪಟ್ಟಂನಿಂದ ಆದೇಶವಾಗಿ ಬರಬೇಕು. ಅಂಥದ್ದೊಂದು ಆದೇಶ ಹಿಡಿದುಕೊಂಡು ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದವನು ನಾನು. ಬಂದವನು ಪಟ್ಟಂನಲ್ಲೇ ಬಾಡಿಗೆ ಮನೆ ಹಿಡಿದೆ.

ಬರುವಾಗ ಜೇಬಿನಲ್ಲಿ ಒಂದು ಮಡಚುವ ಚಾಕು ಇತ್ತು. ಕೊಲ್ಲಿಯಲ್ಲಿದ್ದ ಭಾವ ತಂದುಕೊಟ್ಟ ಕೆಂಪು ಹಿಡಿಯ ಸ್ವಿಸ್ ಚಾಕು. ಪೆರ್ಲ, ಬದಿಯಡ್ಕ ಕಡೆಯ ತೋಟದ ಮನೆಯಲ್ಲಿ ಹುಟ್ಟಿದ ಗಂಡಸಿಗೆ ಕೈಗೆಟಕುವಲ್ಲಿ ಒಂದು ಪೀಶಕತ್ತಿ ಇರದಿದ್ದರೆ ಬಟ್ಟೆ ಹಾಕಿಕೊಂಡ ಸಮಾಧಾನವೇ ಇರುವುದಿಲ್ಲ. ಎಲೆಯಡಿಕೆಗೆ ಹೋಳು ಮಾಡಲು ಬೇಕು, ಬಾಳೆಲೆ ಕೊಯ್ಯಲು ಬೇಕು, ದಾರಿಯಲ್ಲಿ ಸಿಕ್ಕಿದ ಕಾಟುಮಾವಿನಕಾಯಿಗೆ ಬೇಕು, ಮಾತು ಮುಗಿದು ನೆಂಟರು ಏಳದಿದ್ದಾಗ ಉಗುರು ಕೆರೆಯುತ್ತ ಕೂರಲು ಬೇಕು. ಕೊಡವರ ಪೀಚೆಕತ್ತಿಗೆ, ಮಲಪ್ಪುರದವರ ಕತ್ತಿಗೆ ಒಂದು ಗತ್ತು ಉಂಟು. ನಮ್ಮದಕ್ಕೆ ಬರೀ ಕೆಲಸ.

ಪಟ್ಟಂನಲ್ಲಿ ಆ ಕೆಲಸವೂ ಹೋಯಿತು. ಕೊರಿಯರ್ ಪೊಟ್ಟಣದ ಅಂಟುಪಟ್ಟಿ ಹರಿದು ಹರಿದು ಚಾಕುವಿನ ಬಾಯಿ ಮೊಂಡಾಯಿತು. ಮಸೆಯೋಣ ಎಂದರೆ ಮೂರನೇ ಮಹಡಿಯಲ್ಲಿ ಮಸೆಯುವುದೆಲ್ಲಿ? ಊರಲ್ಲಿ ಅಪ್ಪ ಕತ್ತಿ ಮಸೆಯುವುದು ಹಟ್ಟಿಯ ಪಕ್ಕದ ಮರದ ದಿಮ್ಮಿಯ ಮೇಲೆ. ಬೆಣಚುಕಲ್ಲು ಜಜ್ಜಿದ ಬಿಳಿಪುಡಿ ಉದುರಿಸಿ, ಕತ್ತಿಯನ್ನು ಮಲಗಿಸಿ, ಬೀಡಿಯನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಲ್ಲಿಯ ಕಳ್ಳು ಇಳಿಸುವವರೂ ಹಾಗೆಯೇ, ಮರ ಮತ್ತು ಬೆಣಚುಪುಡಿ. ಎಷ್ಟು ಡಿಗ್ರಿಯಲ್ಲಿ ಮಸೆಯುತ್ತೀರಿ ಎಂದು ಅಪ್ಪನನ್ನು ಕೇಳಿದರೆ ಯಾರಿಗೆ ಜ್ವರ ಎಂದು ಕೇಳಿಯಾರು.

ಡಿಗ್ರಿಯ ಹುಳ ನನ್ನ ತಲೆಗೆ ಬಿಟ್ಟದ್ದು ಮೇಲಿನ ಮಹಡಿಯ ಸಾರ್. ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು. ನನ್ನ ಚಾಕುವಿನ ಅಲಗಿಗೆ ಸ್ಕೇಲು ಹಿಡಿದು, "12 ಮಿಲಿಮೀಟರ್ ಅಗಲ. 20 ಡಿಗ್ರಿಗೆ ಮಸೆಯಬೇಕಾದರೆ ಅಲಗಿನ ಬೆನ್ನು ಕಲ್ಲಿನಿಂದ 4.1 ಮಿಲಿಮೀಟರ್ ಏಳಬೇಕು. 15 ಡಿಗ್ರಿಗೆ 3.1. ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸ! ನಿಮ್ಮ ಕೈಗೆ ಅಷ್ಟು ನಿಯತ್ತು ಉಂಟಾ ಸಾರೇ?" ಎಂದರು. ಸರಕಾರಿ ನೌಕರನಿಗೆ ಕೈಯ ನಿಯತ್ತಿನ ಪ್ರಶ್ನೆ ಹಾಕಬಾರದು. ಆ ರಾತ್ರಿಯೇ ನಾನು ಕೋನ ಹಿಡಿದುಕೊಡುವ ಸಾಣೆಗಳನ್ನು ಹುಡುಕತೊಡಗಿದೆ.

ಹುಡುಕಿದಷ್ಟೂ ನಿದ್ದೆ ಹೋಯಿತು. ಒಂದು ಬಗೆಯಲ್ಲಿ ಚಾಕುವನ್ನು ಇಕ್ಕಳದಲ್ಲಿ ಕಚ್ಚಿಸಿ, ಕಲ್ಲು ಕಟ್ಟಿದ ಸರಳನ್ನು ತೂತಿನಲ್ಲಿ ತೂರಿಸಿ ಎಳೆಯುವುದು. ಲ್ಯಾನ್ಸ್ಕಿಯದ್ದಕ್ಕೆ 17, 20, 25, 30 ಎಂದು ನಾಲ್ಕು ತೂತು. ವರ್ಕ್ ಶಾರ್ಪ್‌ನ ಒಂದು ಮಾದರಿಯಲ್ಲಿ ಗುಂಡಿ ತಿರುಗಿಸಿದರೆ 15ರಿಂದ 30ರವರೆಗೆ ಬೇಕಾದ ಡಿಗ್ರಿ. ವಿಕೆಡ್ ಎಡ್ಜ್ ಎಂಬುದು ನೋಡಲು ಕಣ್ಣಿನ ಆಸ್ಪತ್ರೆಯ ಸಾಮಾನಿನ ಹಾಗಿದೆ, ಬೆಲೆಯೂ ಆಪರೇಶನ್ನಿನದ್ದೇ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು ಎಂದರೂ ಕಡಿಮೆಯೇ. ಇಲ್ಲಿ ಲಗಾಮಿನ ದುಡ್ಡಿಗೆ ಒಂದು ಲಾಯ ಕುದುರೆ ಬರುತ್ತದೆ.

ಈ ಇಕ್ಕಳದ ಜಾತಿಯವು ಹೇಳದೆ ಬಿಡುವ ಒಂದು ಗುಟ್ಟು ಉಂಟು. ಅಡುಗೆಮನೆಯ ಅಗಲ ಚಾಕುವಾದರೆ ಸರಿ. ಜೇಬಿನ ಚಾಕುವಿನ ಅಲಗು ಕಿರಿದು. ಇಕ್ಕಳ ಕಚ್ಚಿದ ಮೇಲೆ ಉಳಿಯುವುದು ಅಷ್ಟಿಷ್ಟು. ಸಣ್ಣ ಡಿಗ್ರಿಗೆ ಇಳಿದರೆ ಕಲ್ಲು ಚಾಕುವಿಗೆ ತಾಗುವ ಮೊದಲು ಇಕ್ಕಳವನ್ನೇ ಮಸೆಯುತ್ತದೆ. ತುದಿಯತ್ತ ಹೋದ ಹಾಗೆ ಕೋನವೂ ಸದ್ದಿಲ್ಲದೆ ಬದಲಾಗುತ್ತದೆ. ಸಾರ್ ಕಾಗದದ ಮೇಲೆ ಚಿತ್ರ ಬರೆದು ಇದನ್ನು ತೋರಿಸಿ, ಸಂತೋಷದಿಂದ ಎರಡು ಚಹಾ ಕುಡಿದು ಹೋದರು.

ಇನ್ನೊಂದು ಬಗೆ ಬಡವರದ್ದು. ಒಂದು ಪೀಠ, ಅದರಲ್ಲಿ ಕೈಮುಗಿದು ಬಿಡಿಸಿದ ಹಾಗೆ ಓರೆಯಾಗಿ ನಿಂತ ಎರಡು ಸೆರಾಮಿಕ್ ಕಡ್ಡಿ. ಸ್ಪೈಡರ್ಕೋ ಶಾರ್ಪ್‌ಮೇಕರಿನಲ್ಲಿ ಬದಿಗೆ 15 ಅಥವಾ 20 ಡಿಗ್ರಿ, ಎರಡೇ ಆಯ್ಕೆ. ಓರೆಯಾಗುವ ಕೆಲಸ ಕಡ್ಡಿಯದ್ದು. ನಾವು ಚಾಕುವನ್ನು ನೆಟ್ಟಗೆ ಹಿಡಿದು ಕೆಳಕ್ಕೆ ಎಳೆದರಾಯಿತು. ಇದರಲ್ಲಿ ಭಾರಿ ಬುದ್ಧಿ ಉಂಟು. 20 ಡಿಗ್ರಿ ಓರೆ ಎಷ್ಟೆಂದು ಮನುಷ್ಯನ ಕಣ್ಣಿಗೆ ಗೊತ್ತಾಗುವುದಿಲ್ಲ. ನೆಟ್ಟಗೆ ಎಂದರೆ ಏನೆಂದು ಕುಡಿದವನಿಗೂ ಗೊತ್ತು, ಅವನು ಅದಕ್ಕೇ ಅಲ್ಲವೇ ಅಷ್ಟು ಪ್ರಯತ್ನ ಪಡುವುದು.

ಈ ನಡುವೆ ಕಚೇರಿ ಕೆಲಸದಲ್ಲಿ ಕೊಚ್ಚಿಗೆ ಹೋಗಬೇಕಾಯಿತು. ಅಲ್ಲಿ ಬಸ್ಸು ಕಳಮಶ್ಶೇರಿ ದಾಟುವಾಗ ನೆನಪಾದದ್ದು, ಕಾರ್ಬೊರಂಡಂ ಯೂನಿವರ್ಸಲ್ ಕಂಪನಿಯವರು ಸಾಣೆಕಲ್ಲಿಗೆ ಬೇಕಾದ ಕಣಗಳನ್ನು ವಿದ್ಯುತ್ ಕುಲುಮೆಯಲ್ಲಿ ಬೇಯಿಸುವುದು ಇಲ್ಲೇ. ಅದಕ್ಕೆಂದೇ ಪತ್ತನಂತಿಟ್ಟ ಜಿಲ್ಲೆಯ ಮಣಿಯಾರಿನಲ್ಲಿ 12 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರವನ್ನೂ ಕಟ್ಟಿಕೊಂಡರು. ಕಾರ್ಬೊರಂಡಂ ಎಂದರೆ ಮರಳು ಮತ್ತು ಕೋಕ್ ಸೇರಿಸಿ ಬೇಯಿಸಿದ ಸಿಲಿಕಾನ್ ಕಾರ್ಬೈಡ್. ಮರಳೂ ಅಪ್ಪನ ಬೆಣಚುಕಲ್ಲೂ ಒಂದೇ ಕುಲ. ಅಪ್ಪ ಹಸಿಯಾಗಿ ಬಳಸುವುದನ್ನು ಇವರು ಬೇಯಿಸಿ ಬಡಿಸುತ್ತಾರೆ. ಅಮೆರಿಕದ ಅಚೆಸನ್ ಇದನ್ನು ಮೊದಲು ಬೇಯಿಸಿದ್ದು 1891ರಲ್ಲಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ತನ್ನ ದೇಶದ ಸೈನಿಕರಿಗೆ ಮಡಚುವ ಚಾಕು ಒದಗಿಸಲು ಶುರುಮಾಡಿದ್ದೂ 1891ರಲ್ಲೇ. ಚಾಕು ಅತ್ತ, ಸಾಣೆ ಇತ್ತ ಒಂದೇ ವರ್ಷ ಹುಟ್ಟಿದ ಈ ಜಾತಕ ಹೊಂದಾಣಿಕೆ ನೋಡಿ ಬಸ್ಸಿನಲ್ಲಿ ನನಗೆ ರೋಮಾಂಚನವೇ ಆಯಿತು. ಪಕ್ಕದಲ್ಲಿದ್ದವರಿಗೆ ಹೇಳಿದೆ. ಅವರು ಎದ್ದು ಬೇರೆ ಸೀಟಿಗೆ ಹೋದರು. ಚಾಕುವಿನ ಮಾತನ್ನು ಅಪರಿಚಿತರಲ್ಲಿ ಆಡಬಾರದು.

ಕಡ್ಡಿಯದ್ದನ್ನೇ ತರಿಸಿದೆ. ಸಾರ್ ಹೇಳಿದ ಉಪಾಯದ ಹಾಗೆ ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದೆ. ಎಳೆದ ಮೇಲೆ ಕಪ್ಪು ಎಲ್ಲಿ ಉಳಿದಿದೆಯೋ ಅಲ್ಲಿಗೆ ಸಾಣೆ ಮುಟ್ಟಿಲ್ಲ ಎಂದು ಲೆಕ್ಕ. ಅಂಚಿನ ಆಚೆ ಬದಿಯಲ್ಲಿ ಉಗುರಿಗೆ ತಡೆಯುವ ಕೂದಲೆಳೆಯಂಥ ಜುಂಗು ಎದ್ದರೆ ಬದಿ ಬದಲಿಸುವುದು, ಕೊನೆಗೆ ಹಗುರವಾಗಿ ಎರಡೂ ಬದಿ ಎಳೆದು ಆ ಜುಂಗನ್ನು ಬೀಳಿಸುವುದು. ಇಷ್ಟೇ ವಿದ್ಯೆ. ಯಂತ್ರ ಯಾವುದಿದ್ದರೂ ಈ ಜುಂಗು ಏಳದೆ ಹರಿತ ಬರುವುದಿಲ್ಲ, ಬೀಳದೆ ನಿಲ್ಲುವುದಿಲ್ಲ.

ಹರಿತ ನೋಡಲು ಮುಂಗೈಯ ರೋಮ ಬೋಳಿಸುವುದು ವಾಡಿಕೆ. ಕಚೇರಿಯಲ್ಲಿ ಒಬ್ಬರು ನನ್ನ ಎಡಗೈಯನ್ನು ಎರಡು ದಿನ ದೂರದಿಂದ ನೋಡಿ, ಮೂರನೆಯ ದಿನ ಮೆತ್ತಗೆ ಒಬ್ಬ ಚರ್ಮವೈದ್ಯರ ಹೆಸರು ಹೇಳಿದರು. ಮನೆಯವಳಂತೂ, "ಹರಿತ ಆಯಿತಲ್ಲ, ಈ ಬೆಂಡೆ ಹೆಚ್ಚಿ ಕೊಡಿ" ಎಂದಳು. ಅವಳ ಚಾಕು ಮೊಂಡಾದರೆ ಅಡುಗೆ ಕಟ್ಟೆಯ ಗ್ರಾನೈಟಿನ ಅಂಚಿಗೆ ನಾಲ್ಕು ಉಜ್ಜುತ್ತಾಳೆ, ಚಟ್ನಿ ಕುದಿಯುವ ಮೊದಲು ಕೆಲಸ ಮುಗಿಯುತ್ತದೆ. ಚಟ್ನಿ ಯಾಕೆ ಕುದಿಯುತ್ತದೆ ಎಂದು ಕೇಳಿದೆ. ಒಲೆಯ ಹತ್ತಿರ ಚಾಕು ಹಿಡಿದವರ ಜೊತೆ ವಾದ ಮಾಡಬೇಡಿ ಎಂದಳು.

ಪದ್ಮನಾಭನ ದರ್ಶನಕ್ಕೆ ಬಂದ ಅಪ್ಪ ಕಡ್ಡಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ತಮ್ಮ ಪೀಶಕತ್ತಿಯನ್ನು ಎರಡು ಸಲ ಎಳೆದರು. ಹೆಬ್ಬೆರಳಲ್ಲಿ ಬಾಯಿ ಮುಟ್ಟಿ, "ಆದೀತು ಮಾರಾಯ, ಕೈಗೆ ಕೆಲಸ ಇಲ್ಲದವರಿಗೆ" ಎಂದರು. ಹೊರಡುವಾಗ ಒಂದು ಕಡ್ಡಿ ಅವರ ಚೀಲದಲ್ಲಿತ್ತು. ಈಗ ನಾನು ಒಂದೇ ಕಡ್ಡಿಯನ್ನು ಎಡಬದಿಯಿಂದ ಬಲಬದಿಗೆ ಬದಲಿಸಿ ಮಸೆಯುತ್ತಿದ್ದೇನೆ, ತಡವಾಗುತ್ತದೆ, ಅಷ್ಟೇ.

ಕೊಳ್ಳಬೇಕೆಂದಿರುವವರಿಗೆ ನನ್ನ ಮಾತು ಇಷ್ಟು. ಜೇಬಿನ ಚಾಕು ಒಂದೇ ಇದ್ದರೆ ಓರೆ ಕಡ್ಡಿಯದ್ದು ಸಾಕು, 20 ಡಿಗ್ರಿಗೆ ಇಡಿ, ಸ್ವಿಸ್ ಚಾಕುವಿನ ಮೆದು ಉಕ್ಕಿಗೆ ಅದಕ್ಕಿಂತ ತೆಳ್ಳಗಿನ ಬಾಯಿ ಹೆಚ್ಚು ದಿನ ಬಾಳುವುದಿಲ್ಲ. ಬಾಯಿ ಪೂರ್ತಿ ಹೋದದ್ದನ್ನು ಮೊದಲು ಒರಟು ಕಾರ್ಬೊರಂಡಂ ಕಲ್ಲಿಗೆ ಹಾಕಿ, ಕಡ್ಡಿಯಿಂದ ಆ ಕೆಲಸ ಆಗದು. ಇಕ್ಕಳದ ಯಂತ್ರ ಬೇಕೇ ಬೇಕು ಎನ್ನುವವರು ತರಿಸುವ ಮೊದಲು ನಿಮ್ಮ ಚಾಕುವಿನ ಅಲಗನ್ನು ಸ್ಕೇಲಿನಿಂದ ಅಳೆದು ನೋಡಿ. ಮತ್ತೆ, ಕತ್ತಿ ಮಸೆಯುವ ಅಪ್ಪಂದಿರು ಮನೆಗೆ ಬರುವ ದಿನ ಸಾಣೆಯನ್ನು ಕಪಾಟಿನೊಳಗೆ ಇಡಿ.