ಜಾಲಾಶಯ

(ಕಾವೇರಿ ಕೊಳ್ಳದ ಒಂದು ನೀರಾವರಿ ಕಚೇರಿ. ಫ್ಯಾನ್ ತಿರುಗುತ್ತಿದೆ, ಪರದೆಯ ಮೇಲಿನ ಚಕ್ರವೂ ತಿರುಗುತ್ತಲೇ ಇದೆ.)

ಸಾಹೇಬರು: ಏನಯ್ಯಾ, ಜಲತಜ್ಞರ ಆನ್‌ಲೈನ್ ಜಾಲ ಎಲ್ಲಿಗೆ ಬಂತು?

ಜೆಇ: ಎಲ್ರೂ ಸೇರಿದಾರೆ ಸಾರ್. ನಾವು ಟಿಎಂಸಿ ಅಂತೀವಿ, ದಿಲ್ಲಿಯವರು ಬಿಸಿಎಂ ಕೇಳ್ತಾರೆ, ನಗರದ ನೀರಿನವರು ಎಂಎಲ್‌ಡಿ ಬಿಟ್ಟು ಮಾತಾಡಲ್ಲ.

ಸಾಹೇಬರು: ಲೆಕ್ಕ ಹಾಕಿಬಿಡು, ಅದೇನು ಮಹಾ!

ಜೆಇ: ಒಂದು ಟಿಎಂಸಿಗೆ 2.83 ಕೋಟಿ ಘನ ಮೀಟರ್ ಸಾರ್. ನಿನ್ನೆ ಒಂದು ಸೊನ್ನೆ ಜಾಸ್ತಿ ಬಿದ್ದು ಡ್ಯಾಮ್ ತುಂಬಿಹೋಯ್ತು.

ಸಾಹೇಬರು: ಓಹೋ, ಬಾಗಿನದ ಮೊರ ಎಷ್ಟು ತರಿಸಲಿ ಅಂತ ಫೋನ್ ಬಂದದ್ದು ಅದಕ್ಕೇನಾ!

ಜೆಇ: ಇವತ್ತಿನ ಒಳಹರಿವು ಹಾಕ್ಲಾ ಸಾರ್?

ಸಾಹೇಬರು: ಅಯ್ಯೋ, ತಮಿಳುನಾಡಿನ ಇಂಜಿನಿಯರ್‌ಗಳೂ ಸದಸ್ಯರು ಕಣಯ್ಯಾ! ಅಂಕಿ ಬೇಡ, ಶುಭೋದಯ ಹಾಕು.

(ಕಾವೇರಿ ನೀರಿನ ವಿವಾದಕ್ಕೆ 1990ರಲ್ಲಿ ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಸಾಹೇಬರಿಗೆ ಮಾತ್ರ ಕ್ಯುಸೆಕ್ ಇನ್ನೂ ಮನೆಯ ಗುಟ್ಟು.)

ಜೆಇ: ಪೋರ್ಟಲ್‌ಗೆ ಮಾಹಿತಿ ಕಳಿಸೋ ಡ್ಯಾಮಿನ ಸೆನ್ಸರ್ ಬೇರೆ ಮಳೆಗಾಲದಿಂದ ಒಂದೇ ಮಟ್ಟ ತೋರಿಸ್ತಿದೆ ಸಾರ್. ಒಳಗೆ ಜೇಡ ಗೂಡು ಕಟ್ಟಿದೆ.

ಸಾಹೇಬರು: ಗೇಜ್ ನೋಡೋನಿಗೆ ಫೋನ್ ಮಾಡಬಾರದಾ?

ಜೆಇ: ಮಾಡ್ದೆ ಸಾರ್. ‘ಪೋರ್ಟಲ್‌ನಲ್ಲೇ ನೋಡ್ಕೊಳ್ಳಿ ಸ್ವಾಮಿ’ ಅಂದ.