ಲಾಗ್‌ಬುಕ್ಕಿನ ರಾಯರು

ನಮ್ಮ ಬೀದಿಯ ರಾಯರಿಗೆ ಎರಡು ಕೈಗೂ ಗಡಿಯಾರ. ಎಡಗೈಯದು ಮನೆಯವರಿಗೆ, ಬಲಗೈಯದು ಗ್ರೀನ್‌ವಿಚ್ಚಿಗೆ. ರಾಯರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು; ಹ್ಯಾಮ್‌ಗಳು ಸಂಪರ್ಕಗಳ ಲೆಕ್ಕ ಬರೆಯುವುದು ಯುಟಿಸಿಯಲ್ಲಿ, ಎಂದರೆ ಗ್ರೀನ್‌ವಿಚ್ಚಿನ ವೇಳೆಯಲ್ಲಿ. ನಮಗಿಂತ ಐದೂವರೆ ಗಂಟೆ ಹಿಂದೆ. "ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಹೆಂಡತಿ ಫೋನಿನಲ್ಲಿ ಕೇಳಿದರೆ ಇವರು ತಪ್ಪು ಕೈ ನೋಡಿಕೊಂಡು "ಏಳೂವರೆಗೆ" ಅಂದುಬಿಡುತ್ತಾರೆ. ಆಕೆ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಎಲೆ ಹಾಕುತ್ತಾರೆ. ಒಮ್ಮೆ ಏಕಾದಶಿಯ ಬೆಳಗ್ಗೆ ಐದಕ್ಕೆ ಕಾಫಿ ಕೇಳಿ, "ಲಾಗ್‌ಬುಕ್ಕಿನಲ್ಲಿ ಇನ್ನೂ ನಿನ್ನೆ ತಾರೀಕೇ ಕಣೇ, ಐದೂವರೆವರೆಗೂ ದಶಮಿ" ಎಂದು ವಾದ ಹೂಡಿದ್ದರಂತೆ. "ಹಾಗಾದ್ರೆ ಗ್ರೀನ್‌ವಿಚ್ಚಿನವರನ್ನೇ ಕಾಫಿ ಕೇಳಿ" ಎಂದು ಆಕೆ ಒಲೆ ಆರಿಸಿದರಂತೆ.

ರಾಯರು ಬ್ಯಾಂಕಿನಲ್ಲಿ ಸವೆದು ನಿವೃತ್ತರಾದವರು. ಹ್ಯಾಮ್‌ಗಳಲ್ಲಿ ಮಾತಿಗಾಗಿ ಬರುವವರಿದ್ದಾರೆ, ಯಂತ್ರಕ್ಕಾಗಿ ಬರುವವರಿದ್ದಾರೆ. ಇವರು ಬಂದದ್ದು ಪುಸ್ತಕಕ್ಕಾಗಿ ಎಂದೇ ನನ್ನ ಅನುಮಾನ. ತಾರೀಕು, ವೇಳೆ, ಆಚೆಯವರ ಕರೆಸಂಕೇತ, ಫ್ರೀಕ್ವೆನ್ಸಿ, ಕೊಟ್ಟ ವರದಿ, ಬಂದ ವರದಿ, ಷರಾ ಎಂದು ಕೆಂಪು ಗೆರೆ ಎಳೆದ ಮನೆಗಳು. ಪೆನ್ಸಿಲ್ಲಿಗೆ ದಾರ ಕಟ್ಟಿ ಪುಸ್ತಕಕ್ಕೆ ಗಂಟು ಹಾಕಿದ್ದಾರೆ, ಕೌಂಟರಿನ ಪೆನ್ನಿಗೆ ಕಟ್ಟಿರುತ್ತಾರಲ್ಲ, ಹಾಗೆ. ಮೊಬೈಲಿನಲ್ಲೇ ಲಾಗ್ ಬರೆಯುವ ಆ್ಯಪ್ ಇದೆಯಲ್ಲ ಸಾರ್ ಅಂದರೆ, "ಹಾಳೆ ಕೀಳೋಕೆ ಬರದ, ಹೊಲಿದ ಪುಸ್ತಕವೇ ಆಗಬೇಕು ಅಂತ 1978ರ ನಿಯಮದಲ್ಲಿದೆ ಕಣ್ರೀ" ಅನ್ನುತ್ತಾರೆ, ತಾವೇ ಕರಡು ತಿದ್ದಿದವರ ಹಾಗೆ.

ಇಂಥವರು ಭಾನುವಾರ ನಸುಕಿನಲ್ಲಿ ನನ್ನ ಬೈಕಿನ ಹಿಂದೆ ಕೂತು, ಬೆಟ್ಟದ ಮೇಲಿಂದ ರೇಡಿಯೋದಲ್ಲಿ ಮಾತಾಡಲೆಂದು ಶಿವಗಂಗೆಗೆ ಹೊರಟರು. ಬೆನ್ನ ಮೇಲೆ ರೇಡಿಯೋ, ಬ್ಯಾಟರಿ, ತಂತಿ. ಕೈಯಲ್ಲಿ ಮೀನು ಹಿಡಿಯುವ ಫೈಬರ್ ಗಳ. ಏಳು ಮೆಗಾಹರ್ಟ್ಸ್‌ಗೆ ಸುಮಾರು ಇಪ್ಪತ್ತು ಮೀಟರ್ ತಂತಿ ಬೇಕು. ಅದರ ನಡುವನ್ನು ಗಳದ ತುದಿಗೆ ಕಟ್ಟಿ ಎರಡು ಕೊನೆಯನ್ನೂ ಇಳಿಜಾರಾಗಿ ಎಳೆದರೆ ಆಂಟೆನಾ ಆಯಿತು. ಒಳಕಲ್ಲು ತೀರ್ಥ ದಾಟಿ ಒಂದು ಚಪ್ಪಟೆ ಬಂಡೆ ಹಿಡಿದೆವು. ಗಳ ಎದ್ದು ನಿಂತದ್ದೇ ತಡ, ಜನ ಸೇರಿದರು. "ಬೆಟ್ಟದ ಮೇಲೆ ಯಾವ ಮೀನು ಸಾಮಿ?" ಎಂದೊಬ್ಬ. "ಟವರ್ರಾ? ನಮ್ಮ ಹೊಲದಲ್ಲೂ ಹಾಕ್ಸಿ, ತಿಂಗಳ ಬಾಡಿಗೆ ಎಷ್ಟು ಕೊಡ್ತಾರೆ?" ಎಂದಿನ್ನೊಬ್ಬ. ರಾಯರು ಪ್ಲಾಸ್ಟಿಕ್ ಕವರಿನಿಂದ ಪರವಾನಗಿಯ ಜೆರಾಕ್ಸ್ ತೆಗೆದು ತೋರಿಸಿ, ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ವಿಯು2ಆರ್‌ಜಿ ಅಂತ ಅವರ ಕರೆಸಂಕೇತ ಎಂದು ವಿವರಿಸಿದರು. "ಅವರೂ ಗಳ ಹೊತ್ಕೊಂಡು ಬರ್ತಿದ್ರಾ?" ಎಂದ ಟವರಿನವ.

ಕೊನೆಗೂ ಕೇರಳದ ಕಡೆಯ ದನಿಯೊಂದು ಕಿರ್ರೆನ್ನುವ ಸದ್ದಿನೊಳಗಿಂದ ಈಚೆ ಬಂತು. "ಯು ಆರ್ ಫೈವ್ ನೈನ್!" ಎಂದಿತು. ಐದೆಂದರೆ ಮಾತು ಪೂರ್ತಿ ಅರ್ಥವಾಗುತ್ತಿದೆ, ಒಂಬತ್ತೆಂದರೆ ಸಿಗ್ನಲ್ ಗಟ್ಟಿ. ಕೇಳಿಸಲಿ ಬಿಡಲಿ, ಮದುವೆ ಮನೆಯಲ್ಲಿ "ಊಟ ಚೆನ್ನಾಗಿತ್ತು" ಅನ್ನುವಂತೆ ಹೇಳುವುದು ವಾಡಿಕೆ. ಫೈವ್ ನೈನ್ ಕೊಟ್ಟವನೇ ಮರುಕ್ಷಣ "ನಿಮ್ಮ ಕರೆಸಂಕೇತ ಇನ್ನೊಮ್ಮೆ ಹೇಳಿ" ಅನ್ನುವುದೂ ಉಂಟು. ರಾಯರು ಮಾತ್ರ ಕಿವಿಗೊಟ್ಟು, ಕಣ್ಣು ಮುಚ್ಚಿ, ತೂಗಿ, "ಯು ಆರ್ ತ್ರೀ ತ್ರೀ" ಎಂದರು. ಆಚೆ ಕಡೆ ಮೌನ. ಸಾಲಕ್ಕೆ ಅರ್ಜಿ ಹಾಕಿದವರ ಮುಖ ನಾನು ಬ್ಯಾಂಕಿನಲ್ಲಿ ನೋಡಿದ್ದೆ. ಆ ಮೌನಕ್ಕೂ ಅದೇ ಮುಖವಿತ್ತು.

ಸಂಪರ್ಕ ಮುಗಿದದ್ದು ಅರ್ಧ ನಿಮಿಷದಲ್ಲಿ. ಬರೆಯುವುದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಅಷ್ಟರಲ್ಲಿ ಇನ್ನಿಬ್ಬರು ನಮ್ಮನ್ನು ಕರೆದು, ಕಾದು, ಬೇಸತ್ತು ಹೋದರು. "ಸಾರ್, ಕರೀತಿದಾರೆ" ಅಂದೆ. "ಇರಿ, ಇವರದು ಪೋಸ್ಟಿಂಗ್ ಆಗಲಿ" ಎಂದರು. ನಮ್ಮ ಲಾಗಿಗೂ ಅವರ ಲಾಗಿಗೂ ಒಂದಕ್ಷರ ಹೊಂದದಿದ್ದರೆ ಸ್ಪರ್ಧೆಗಳಲ್ಲಿ ಆ ಸಂಪರ್ಕವನ್ನೇ ಹೊಡೆದುಹಾಕುತ್ತಾರಂತೆ. ಇದು ಸ್ಪರ್ಧೆಯಲ್ಲವಲ್ಲ ಸಾರ್ ಎಂಬ ಮಾತನ್ನು ನುಂಗಿಕೊಂಡೆ.

ಮೂರನೆಯ ಸಂಪರ್ಕದ ವೇಳೆಗೆ ಕೋತಿ ಬಂತು. ಶಿವಗಂಗೆಯ ಕೋತಿಗಳಿಗೆ ಪ್ಲಾಸ್ಟಿಕ್ ಕವರೆಂದರೆ ತಿಂಡಿ. ನಾನು ಬಾಳೆಹಣ್ಣನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟೆ. ಕೋತಿ ಇಬ್ಬನಿಗೆಂದು ಕವರಿನಲ್ಲಿಟ್ಟಿದ್ದ ಲಾಗ್‌ಬುಕ್ಕನ್ನು ಎತ್ತಿಕೊಂಡು ಬಂಡೆಯ ನೆತ್ತಿಗೆ ಹಾರಿತು; ದಾರದ ತುದಿಯ ಪೆನ್ಸಿಲ್ ಬಾಲದಂತೆ ಹಿಂದೆ ಹೋಯಿತು. ರಾಯರು ಮೈಕಿನಲ್ಲಿ "ಸ್ಟ್ಯಾಂಡ್ ಬೈ" ಎಂದವರೇ, ಸಾವಿರಾರು ರೂಪಾಯಿಯ ರೇಡಿಯೋವನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂಡೆ ಹತ್ತಿದರು. ಕೋತಿ ಪುಟ ತಿರುವಿತು, ಮೂಸಿತು, ಒಂದು ಹಾಳೆಯನ್ನು ಪರ್ರನೆ ಹರಿದು ಬಾಯಿಗಿಟ್ಟು, ರುಚಿಸದೆ ಉಗುಳಿತು. ನಾನು ಬಾಳೆಹಣ್ಣು ಎಸೆದ ಮೇಲೆ ಪುಸ್ತಕ ಕೆಳಗೆ ಬಿತ್ತು.

ರಾಯರು ಒದ್ದೆ ಹಾಳೆಯನ್ನು ಮೊಣಕಾಲ ಮೇಲೆ ಹಾಸಿ ಸುಕ್ಕು ತೀಡಿದರು. ರೇಡಿಯೋದಲ್ಲಿ ಯಾರೋ ಇನ್ನೂ ನಮ್ಮನ್ನು ಕರೆಯುತ್ತಲೇ ಇದ್ದರು. ಬಲಗೈ ನೋಡಿ 0312 ಎಂದು ಬರೆದು, ಷರಾದ ಮನೆಗೆ ಬಂದು ಪೆನ್ಸಿಲ್ ನಿಲ್ಲಿಸಿದರು.

"ಇತರ ಸ್ಟೇಷನ್ನಿನವರ ಅಡಚಣೆಯಾದರೆ ಕ್ಯೂಆರ್‌ಎಮ್, ಸಿಡಿಲುಗಿಡಿಲು, ಪ್ರಕೃತಿಯದ್ದಾದರೆ ಕ್ಯೂಆರ್‌ಎನ್" ಎಂದರು. ಬಂಡೆಯ ಮೇಲೆ ಕೂತು ಹಣ್ಣು ಸುಲಿಯುತ್ತಿದ್ದ ಕೋತಿಯನ್ನು ದೀರ್ಘವಾಗಿ ನೋಡಿ, ನನ್ನ ಕಡೆ ತಿರುಗಿ, ತಮಾಷೆಯ ಸುಳಿವೂ ಇಲ್ಲದೆ ಕೇಳಿದರು: "ಇವನನ್ನ ಯಾವುದಕ್ಕೆ ಹಾಕೋಣ?"